ಬಿಟ್ಟ ಮೀನು ಬದುಕುತ್ತದೆಯೇ: ದೋಣಿಯ ಮೇಲೇ ಅಳೆಯುವ ಬಗೆ

ಬಲೆಗೆ ಬಿದ್ದ ಮರಿ ಮೀನು, ಬೆಲೆ ಸಿಗದ ಸಣ್ಣ ತೊರಕೆ (ಚಪ್ಪಟೆ ಮೈಯ ರೇ ಮೀನು), ಕೊಲ್ಲಬಾರದೆಂದು ಕಾನೂನೇ ಹೇಳುವ ತಾಟೆ (ಶಾರ್ಕ್). ಇವನ್ನು ನೀರಿಗೆ ಬಿಟ್ಟರೆ ಸಂರಕ್ಷಣೆ ಆಯಿತೆಂದು ವರದಿಗಳಲ್ಲಿ ಬರೆದು ಮುಗಿಸುತ್ತಾರೆ. ಬಿಟ್ಟದ್ದೆಷ್ಟು ಎಂಬ ಲೆಕ್ಕ ಸಿಗುತ್ತದೆ, ಬದುಕಿದ್ದೆಷ್ಟು ಎಂಬುದು ಮಾತ್ರ ಸಿಗುವುದಿಲ್ಲ. ಕೈಬಿಟ್ಟ ಕೂಡಲೇ ಬಾಲ ಬಡಿದು ಮರೆಯಾದ ಮೀನು ಆರು ಗಂಟೆ ಕಳೆದು ಸಾಯಬಹುದು, ಎರಡು ದಿನ ಕಳೆದೂ ಸಾಯಬಹುದು. ಆ ಸಾವನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ಅದನ್ನು ಬಿಡುವ ಮೊದಲೇ ಅಂದಾಜು ಮಾಡುವ ದಾರಿ ಮೀನಿನ ಶರೀರಕ್ರಿಯೆಯಲ್ಲೇ ಇದೆ. ಪ್ರಯೋಗಾಲಯ ಬೇಕಿಲ್ಲ. ಒಂದು ದೊಡ್ಡ ಟಬ್, ಒಂದು ಗಡಿಯಾರ, ಒದ್ದೆ ಕೈಗಳು, ಮೀನೊಂದಕ್ಕೆ ಇಪ್ಪತ್ತು ಸೆಕೆಂಡು ಇದ್ದರೆ ಸಾಕು. ಮೀನುಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು, ಕರಾವಳಿಯಲ್ಲಿ ಕೆಲಸ ಮಾಡುವ ಸಂಘಟನೆಗಳು, ಆಸಕ್ತಿಯಿರುವ ತಾಂಡೇಲರು (ದೋಣಿ ನಡೆಸುವ ಮುಖ್ಯಸ್ಥರು) ಮಾಡಬಹುದಾದ ವಿಧಾನ ಇದು. ಅಮೆರಿಕದ ಒರೆಗಾನ್ ರಾಜ್ಯದ ನ್ಯೂಪೋರ್ಟ್‌ನಲ್ಲಿ ಮೈಕೆಲ್ ಡೇವಿಸ್ ಎಂಬ ವಿಜ್ಞಾನಿ ಇದನ್ನು ರೂಪಿಸಿದರು. ಮೀನಿನ ರಿಫ್ಲೆಕ್ಸ್‌ಗಳನ್ನು, ಅಂದರೆ ಯೋಚನೆಯ ಹಂಗಿಲ್ಲದೆ ಮೈ ತಾನಾಗಿ ಕೊಡುವ ಉತ್ತರಗಳನ್ನು, ಒಂದೊಂದಾಗಿ ಪರೀಕ್ಷಿಸಿ ಎಷ್ಟು ಕೈಕೊಟ್ಟಿವೆ ಎಂದು ಎಣಿಸುವುದೇ ಇದರ ತಿರುಳು. ಮುಂದೆ ಕೆನಡಾದ ಫ್ರೇಸರ್ ನದಿಯಲ್ಲಿ ಬೇರೆ ಸಾಲ್ಮನ್‌ಗೆ ಹಾಕಿದ ಬಲೆಯಲ್ಲಿ ಸಿಕ್ಕಿಬೀಳುತ್ತಿದ್ದ ಕೋಹೋ ಸಾಲ್ಮನ್‌ಗಳ ಮೇಲೆ ಇದೇ ಪರೀಕ್ಷೆ ನಡೆಯಿತು. ಮೀನಿಗೆ ರೇಡಿಯೊ ಟ್ಯಾಗ್ ಹಾಕಿ ಹಿಂಬಾಲಿಸಿದಾಗ, ಬಿಡುವ ಹೊತ್ತಿನ ಅಂಕ ಕೆಟ್ಟಿದ್ದ ಮೀನುಗಳೇ ಮೊಟ್ಟೆಯಿಡುವ ಜಾಗ ತಲುಪದೆ ದಾರಿಯಲ್ಲಿ ಹೆಚ್ಚು ಸತ್ತಿದ್ದವು. 2012ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ಮೈಯೊಳಗೆ ಆಗುವುದೇನು

ಬಲೆಯಲ್ಲಿ ಒದ್ದಾಡುವ ಮೀನು ಬಿಳಿ ಸ್ನಾಯುಗಳನ್ನು ಬಳಸುತ್ತದೆ. ಅವು ಆಮ್ಲಜನಕಕ್ಕೆ ಕಾಯದೆ ಕೂಡಿಟ್ಟ ಗ್ಲೈಕೊಜೆನ್ ಸುಟ್ಟು ಕೆಲಸ ಮಾಡುತ್ತವೆ. ಅದರಿಂದ ಉಳಿಯುವ ಲ್ಯಾಕ್ಟೇಟ್ ಎಂಬ ವಸ್ತು ಜಮೆಯಾಗುತ್ತದೆ, ರಕ್ತ ಆಮ್ಲೀಯವಾಗುತ್ತದೆ. ನೀರಿನೊಳಗೇ ಬಿಟ್ಟರೆ ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ. ಡೆಕ್‌ಗೆ ಎತ್ತಿದಾಗ ಕಥೆ ಬೇರೆ. ನೀರಿನ ಆಧಾರ ತಪ್ಪಿದ ಕೂಡಲೇ ಕಿವಿರಿನ ಸೂಕ್ಷ್ಮ ಪದರಗಳು ಒದ್ದೆ ಪುಸ್ತಕದ ಹಾಳೆಗಳಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮ್ಲಜನಕ ಒಳಬರುವುದೂ ನಿಲ್ಲುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ನಿಲ್ಲುತ್ತದೆ. ಓಡಿ ಸುಸ್ತಾದ ಹೊತ್ತಿಗೇ ಉಸಿರು ಕಟ್ಟುತ್ತದೆ.

ಇದರ ಬೆಲೆ ಎಷ್ಟೆಂದು ತೋರಿಸಿದ ಪ್ರಯೋಗ 1992ರಲ್ಲಿ ಕೆನಡಾದಲ್ಲಿ ಪ್ರಕಟವಾಯಿತು. ರೇನ್‌ಬೋ ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಓಡಿಸಿ, 12 ಗಂಟೆ ಕಾದು ನೋಡಿದರು. ನೀರಿನ ಹೊರಗೆ ತೆಗೆಯದವುಗಳಲ್ಲಿ 12% ಸತ್ತವು. 30 ಸೆಕೆಂಡು ಹೊರಗಿಟ್ಟವುಗಳಲ್ಲಿ 38%. ಒಂದು ನಿಮಿಷ ಹೊರಗಿಟ್ಟವುಗಳಲ್ಲಿ 72%. ಅದು ಸಿಹಿನೀರಿನ, ತಂಪುನೀರಿನ ಮೀನು. ನಮ್ಮ ಕಡಲಿನ ಎಲ್ಲ ಮೀನಿಗೂ ಅದೇ ಅಂಕಿ ಎಂದು ಹೇಳಲಾಗದು, ಕೆಲವು ಇದಕ್ಕಿಂತ ಗಟ್ಟಿ. ಆದರೆ ಒದ್ದಾಟಕ್ಕಿಂತ ಗಾಳಿಯೇ ಹೆಚ್ಚು ಕೊಲ್ಲುತ್ತದೆ ಎಂಬುದನ್ನು ಮರೆಯಬಾರದು. ಡೆಕ್‌ನ ಮೇಲೆ ನಮ್ಮ ಹಿಡಿತದಲ್ಲಿರುವ ಸಂಗತಿಯೂ ಅದೇ.

ಬೆಚ್ಚಗಿನ ನೀರಿನ ತೊಂದರೆ ಇನ್ನೊಂದು. 20 ಡಿಗ್ರಿ ಸೆಲ್ಸಿಯಸ್‌ನ ಕಡಲ ನೀರು ಲೀಟರಿಗೆ ಸುಮಾರು 7.4 ಮಿ.ಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯದು ಸುಮಾರು 6.2 ಮಾತ್ರ. ಅದೇ ವೇಳೆಗೆ ಮೀನಿನ ಬೇಡಿಕೆ ಏರಿರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಸುಸ್ತಾದ ಮೀನು ಕಿಲೋಗೆ ಗಂಟೆಗೆ 400 ಮಿ.ಗ್ರಾಂ ಆಮ್ಲಜನಕ ಬಳಸುತ್ತದೆ ಎಂದಿಟ್ಟುಕೊಳ್ಳಿ. 100 ಲೀಟರ್ ಟಬ್ಬಿನಲ್ಲಿ ಮಟ್ಟ 6.2ರಿಂದ 4ಕ್ಕೆ ಇಳಿಯುವವರೆಗೆ ಸಿಗುವುದು 220 ಮಿ.ಗ್ರಾಂ. ಒಂದು ಕಿಲೋ ಮೀನಿಗೆ ಅದು ಅರ್ಧ ಗಂಟೆ ಬರುತ್ತದೆ. ಐದು ಕಿಲೋ ಮೀನು ತುಂಬಿದರೆ ಆರೇಳು ನಿಮಿಷ. "ನೀರಲ್ಲೇ ಇಟ್ಟಿದ್ದೆವಲ್ಲ, ಹೇಗೆ ಸತ್ತಿತು" ಎಂಬ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಈ ಗುಣಾಕಾರದಲ್ಲೇ ಇರುತ್ತದೆ.

ಬೇಕಾದ ಸಾಮಾನು

ಮೊಣಕೈ ಉದ್ದದ ಮೀನಿಗೆ 200ರಿಂದ 500 ಲೀಟರ್‌ನ ದುಂಡನೆಯ ಟಬ್ ಸರಿ. ಚೌಕ ಟಬ್ಬಾದರೆ ಮೂಲೆಗೆ ಮೂತಿ ಗುದ್ದಿಕೊಳ್ಳುತ್ತವೆ. ಬ್ಯಾಟರಿಯ ಏರೇಟರ್ ಇರಲಿ, ಡೆಕ್ ಪಂಪಿನ ಪೈಪಿನಿಂದ ಸಣ್ಣಗೆ ನೀರು ಹರಿಯುತ್ತಲೇ ಇದ್ದರೆ ಇನ್ನೂ ಒಳ್ಳೆಯದು. ಗಂಟಿಲ್ಲದ ಹೆಣಿಗೆಯ ಅಥವಾ ರಬ್ಬರ್ ಲೇಪದ ಕೈಬಲೆ, ಅಳತೆ ಹಲಗೆ, ಥರ್ಮಾಮೀಟರ್, ಸ್ಟಾಪ್‌ವಾಚ್, ನೀರಿಗೆ ಹರಿಯದ ಕಾಗದ, ಪೆನ್ಸಿಲ್ ಬೇಕು. ಜೆಲ್ ಪೆನ್ ತಂದವರ ದಾಖಲೆ ಮೊದಲ ಅಲೆಗೇ ಅಳಿಸಿಹೋಗುತ್ತದೆ. ಕರಗಿದ ಆಮ್ಲಜನಕ ಅಳೆಯುವ ಮೀಟರ್ ಸಿಕ್ಕರೆ ಟಬ್ಬಿನ ನೀರು 5 ಮಿ.ಗ್ರಾಂಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬಹುದು.

ಟಬ್ಬಿಗೆ ಐಸ್ ಹಾಕಬಾರದು. ನಲ್ಲಿ ನೀರೂ ಬೇಡ. ಕಡಲ ಮೀನಿನ ಮೈ ಸುತ್ತಲಿನ ನೀರಿಗಿಂತ ಕಡಿಮೆ ಉಪ್ಪಾಗಿರುವುದರಿಂದ ಅದು ಸದಾ ಸಮುದ್ರದ ನೀರು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನ ಮೂಲಕ ಹೊರಹಾಕುತ್ತಿರುತ್ತದೆ. ತಾಟೆ, ತೊರಕೆಗಳು ರಕ್ತದಲ್ಲಿ ಯೂರಿಯಾ ತುಂಬಿಕೊಂಡು ಸಮತೋಲ ಕಾಯುತ್ತವೆ. ದಿಢೀರನೆ ಸಿಹಿನೀರು ಬಿದ್ದರೆ ಎರಡೂ ಬಗೆಯ ಮೀನಿನ ವ್ಯವಸ್ಥೆ ತಲೆಕೆಳಗಾಗುತ್ತದೆ. ಒಣಗಿದ ಕೈಯಿಂದಲೋ ಚಿಂದಿ ಬಟ್ಟೆಯಿಂದಲೋ ಹಿಡಿದರೆ ಲೋಳೆ, ಹುರುಪೆ ಕಿತ್ತುಬಂದು ಅದೇ ಸಮತೋಲ ನಿಧಾನವಾಗಿ ಕೆಡುತ್ತದೆ. ಸೋಂಕು ಆಮೇಲೆ ತಗಲುವಂಥದು.

ಐದು ಪರೀಕ್ಷೆ

ಮುಳ್ಳಿನ ಮೀನುಗಳಿಗೆ, ಅಂದರೆ ತಾಟೆ, ತೊರಕೆಯಂಥವು ಬಿಟ್ಟು ಉಳಿದವಕ್ಕೆ, ಇವು ಐದು. ಮೀನಿಗೆ ಕಡಿಮೆ ತ್ರಾಸ ಕೊಡುವುದು ಮೊದಲು, ಹೆಚ್ಚು ಕೊಡುವುದು ಕೊನೆಗೆ.

ಮೊದಲಿಗೆ ಮುಟ್ಟದೆ ನೋಡಿ. ಟಬ್ಬಿನಲ್ಲಿರುವ ಮೀನಿನ ಕಿವಿರು ಮುಚ್ಚಳ ಐದು ಸೆಕೆಂಡು ಸಮನಾಗಿ ತೆರೆದು ಮುಚ್ಚುತ್ತಿದೆಯೇ? ಒಮ್ಮೆ ಅಗಲವಾಗಿ ತೆರೆದು ಹಾಗೇ ನಿಂತರೆ, ಅಥವಾ ತಾಳ ತಪ್ಪಿ ಬಾಯಿ ಮಾತ್ರ ಆಕಳಿಸಿದಂತೆ ತೆರೆದರೆ ಅದು ಸೋತ ಗುರುತು.

ಎರಡನೆಯದು ಬಾಲ. ನೀರಿನೊಳಗೇ ಬಾಲದ ಬುಡವನ್ನು ಎರಡು ಬೆರಳಿನಿಂದ ಮೆಲ್ಲಗೆ ಹಿಡಿಯಿರಿ. ಆರೋಗ್ಯವಂತ ಮೀನು ಕೈ ತಾಗಿದ ಕ್ಷಣವೇ ಮುನ್ನುಗ್ಗುತ್ತದೆ. ಒಂದೇ ಸಲ ಹಿಡಿಯಬೇಕು. "ಇನ್ನೊಮ್ಮೆ ನೋಡೋಣ" ಎಂದು ಮೂರು ಸಲ ಹಿಡಿದರೆ ಮೂರನೆಯದಕ್ಕೆ ಯಾವ ಮೀನೂ ಸುಮ್ಮನಾಗಿಬಿಡುತ್ತದೆ.

ಮೂರನೆಯದು ನಡುಮೈ. ಅಂಗೈಯಿಂದ ಹೊಟ್ಟೆಯ ಕೆಳಗೆ ಆಧಾರ ಕೊಟ್ಟು ಹಿಡಿದಾಗ ಮೈ ಬಳುಕಿಸಿ ಬಿಡಿಸಿಕೊಳ್ಳಲು ನೋಡುತ್ತದೆಯೇ ಎಂಬುದು.

ನಾಲ್ಕನೆಯದು ಕಣ್ಣು. ಹೊಸಬರು ತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಮೀನನ್ನು ಅದರ ಉದ್ದನೆಯ ಅಕ್ಷದ ಮೇಲೆ, ತಲೆಯಿಂದ ಬಾಲಕ್ಕೆ ಒಂದು ಕಡ್ಡಿ ತೂರಿಸಿದ್ದೀರಿ ಎಂದುಕೊಂಡು, ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿಸಿ. ಒಳಕಿವಿಯ ಸಮತೋಲದ ಅಂಗ ಮಿದುಳಿಗೆ ಸುದ್ದಿ ಕೊಡುತ್ತದೆ, ಕಣ್ಣಿನ ಸ್ನಾಯುಗಳು ಗುಡ್ಡೆಯನ್ನು ಎದುರು ದಿಕ್ಕಿಗೆ ಹೊರಳಿಸಿ ನೋಟವನ್ನು ಮಟ್ಟವಾಗಿಡುತ್ತವೆ. ಮೈ ವಾಲಿದರೂ ಪಾಪೆ ತನ್ನ ಮೊದಲಿನ ನೇರಕ್ಕೇ ಅಂಟಿಕೊಂಡಿರುವಂತೆ ಕಾಣಬೇಕು. ಗುಡ್ಡೆ ಗೂಡಿನಲ್ಲಿ ಅಂಟಿಸಿದಂತೆ ಮೈಯ ಜೊತೆಗೇ ತಿರುಗಿದರೆ ರಿಫ್ಲೆಕ್ಸ್ ಹೋಗಿದೆ. ಬೇಗ ವಾಲಿಸಿದರೆ ಈ ಚಲನೆ ಕಾಣುವುದಿಲ್ಲ, ಎರಡು ಸೆಕೆಂಡು ತೆಗೆದುಕೊಳ್ಳಿ. ಕಣ್ಣಿನ ಪರೀಕ್ಷೆ ಸಾಮಾನ್ಯವಾಗಿ ಕೊನೆಗೆ ಕೈಕೊಡುವಂಥದು. ಇದೇ ಹೋಗಿದ್ದರೆ ಮೀನಿನ ಸ್ಥಿತಿ ಗಂಭೀರ.

ಐದನೆಯದು ಮಗುಚುವುದು. ನೀರಿನ ಮೇಲ್ಮೈಗೆ ಸ್ವಲ್ಪ ಕೆಳಗೆ ಮೀನನ್ನು ಅಂಗಾತ ಹಿಡಿದು ಕೈಬಿಡಿ. ಮೂರು ಸೆಕೆಂಡಿನೊಳಗೆ ಹೊಟ್ಟೆ ಕೆಳಗಾಗಿ ನೆಟ್ಟಗಾಗಬೇಕು. ಸಾಮಾನ್ಯವಾಗಿ ಮೊದಲು ಕೈಕೊಡುವವು ಇದು ಮತ್ತು ಬಾಲದ ಪರೀಕ್ಷೆ.

ಉತ್ತರ ಸಿಕ್ಕಿದ್ದಕ್ಕೆ 0, ಸಿಗದಿದ್ದಕ್ಕೆ 1. "ಸ್ವಲ್ಪ ಅಲುಗಾಡಿತು" ಎಂಬುದಕ್ಕೆ ಅರ್ಧ ಅಂಕ ಕೊಡಬೇಡಿ. ಅನುಮಾನವಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ಐದರಲ್ಲಿ ಎರಡು ಕೈಕೊಟ್ಟರೆ ಅಂಕ 0.4. ಹೊಸ ಜಾತಿಯ ಮೇಲೆ ಶುರುಮಾಡುವ ಮೊದಲು, ಸುಸ್ತಾಗದ ಹತ್ತು ಮೀನುಗಳ ಮೇಲೆ ಐದೂ ಪರೀಕ್ಷೆ ಮಾಡಿ. ಆರೋಗ್ಯವಾಗಿದ್ದಾಗಲೂ ಒಂದು ಪರೀಕ್ಷೆಗೆ ಉತ್ತರ ಕೊಡದ ಜಾತಿಗಳಿವೆ. ಅಂಥ ಪರೀಕ್ಷೆಯನ್ನು ಆ ಜಾತಿಗೆ ಕೈಬಿಡಬೇಕು, ಇಲ್ಲವಾದರೆ ಅಂಕವೆಲ್ಲ ಸುಳ್ಳಾಗುತ್ತದೆ.

ಪ್ರತಿ ಮೀನಿಗೂ ಬರೆಯಬೇಕಾದದ್ದು: ಜಾತಿ, ಉದ್ದ (ತೊರಕೆಯಾದರೆ ಮೈಯ ಅಗಲ), ಬಲೆ ಎಳೆದ ಅವಧಿ, ಆಳ, ಮೇಲ್ಮೈ ನೀರಿನ ತಾಪ, ಬಲೆ ಡೆಕ್ ಮುಟ್ಟಿದ ಹೊತ್ತು, ಪರೀಕ್ಷೆ ಮಾಡಿದ ಹೊತ್ತು, ಕಣ್ಣಿಗೆ ಕಾಣುವ ಗಾಯ, ಐದು ಅಂಕಗಳು ಬಿಡಿಬಿಡಿಯಾಗಿ, ಪರೀಕ್ಷಿಸಿದವರ ಗುರುತಕ್ಷರ. ಕೊನೆಯದನ್ನು ಬಿಡಬೇಡಿ. ಇಬ್ಬರ ಕೈ ಒಂದೇ ಮೀನಿಗೆ ಬೇರೆ ಬೇರೆ ಅಂಕ ಕೊಡುವುದುಂಟು. ಹಾಗೆಂದು ಒಂದೇ ಮೀನನ್ನು ಇಬ್ಬರೂ ಮುಟ್ಟಿ ಪರೀಕ್ಷಿಸಿದರೆ ಎರಡನೆಯವರಿಗೆ ಸಿಗುವುದು ಇನ್ನಷ್ಟು ಸುಸ್ತಾದ ಮೀನು. ಒಬ್ಬರು ಮಾಡುವಾಗ ವಿಡಿಯೋ ತೆಗೆದು, ಇನ್ನೊಬ್ಬರು ಅದನ್ನು ನೋಡಿ ಅಂಕ ಹಾಕಿ ಹೋಲಿಸಲಿ.

ಅಂಕಕ್ಕೆ ಅರ್ಥ ಬರುವುದು

0.4 ಎಂದರೆ ಎಷ್ಟು ಸಾವು? ಜಾತಿಯಿಂದ ಜಾತಿಗೆ ಇದು ಬೇರೆ. ಅದಕ್ಕೆ ಒಮ್ಮೆ ಕಷ್ಟಪಟ್ಟು ಮಾಪನ ಮಾಡಲೇಬೇಕು. ಅಂಕ ಹಾಕಿದ ಮೀನುಗಳನ್ನು 48ರಿಂದ 72 ಗಂಟೆ ಇಟ್ಟು ಯಾವುದು ಸತ್ತಿತು, ಯಾವಾಗ ಸತ್ತಿತು ಎಂದು ನೋಡಬೇಕು. ಅಂಕದ ಒಂದೊಂದು ಮಟ್ಟಕ್ಕೆ ಹದಿನೈದಿಪ್ಪತ್ತು ಮೀನಾದರೂ ಇರಲಿ. ಕಡಿಮೆಯಾದರೆ ಒಂದೆರಡು ಸಾವಿನಿಂದಲೇ ಶೇಕಡಾವಾರು ಮೇಲೆ ಕೆಳಗಾಗುತ್ತದೆ.

ಇಡುವ ಜಾಗವೇ ಕೆಲಸ ಕೆಡಿಸುವುದು ಹೆಚ್ಚು. ದೋಣಿ ನಿಲ್ಲುವ ದಕ್ಕೆಯ ಪಕ್ಕ ಎಣ್ಣೆ, ಕೊಳಚೆ, ಕಡಿಮೆ ಆಮ್ಲಜನಕ. ನೇತ್ರಾವತಿ–ಗುರುಪುರ ಅಳಿವೆಯಂಥ ಕಡೆ ಮಳೆಗಾಲದಲ್ಲಿ ಉಪ್ಪಿನಂಶ ದಿಢೀರನೆ ಇಳಿಯುತ್ತದೆ, ಬಲೆಯಲ್ಲಿ ಏನೂ ಆಗದ ಮೀನೂ ಅಲ್ಲಿ ಸಾಯುತ್ತದೆ. ಅಲೆಯ ಹೊಡೆತ ಕಡಿಮೆಯಿರುವ, ಶುದ್ಧ ಉಪ್ಪುನೀರಿನ ಕೊಲ್ಲಿಯಲ್ಲಿ ಪಂಜರ ಕಟ್ಟಬೇಕು. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಮುದ್ರ ಪಂಜರಗಳಲ್ಲಿ ಮೀನು ಸಾಕುವ ಕೆಲಸ ಮಾಡುತ್ತಿದೆ. ಅಂಥ ಕಡೆಯ ಅನುಭವಿಗಳನ್ನು ಮೊದಲೇ ಕೇಳುವುದು ಜಾಣತನ. ಪಂಜರಕ್ಕೆ ನೆರಳಿರಲಿ, ಒಳಗೆ ಮೀನು ಕಿಕ್ಕಿರಿಯದಿರಲಿ, ಒಂದನ್ನೊಂದು ತಿನ್ನುವ ಜಾತಿಗಳು ಒಟ್ಟಿಗಿರದಿರಲಿ.

ಹೋಲಿಕೆಯ ಗುಂಪಿಲ್ಲದೆ ಇಡೀ ಪ್ರಯೋಗ ವ್ಯರ್ಥ. ಗಾಳದಿಂದಲೋ ಗೂಡಿನಿಂದಲೋ ಮೆಲ್ಲಗೆ ಹಿಡಿದ, ಅಂಕ 0 ಇರುವ ಮೀನುಗಳನ್ನು ಅದೇ ಪಂಜರದಲ್ಲಿ ಅಷ್ಟೇ ಹೊತ್ತು ಇಡಿ. ಅವುಗಳಲ್ಲಿ 10% ಸತ್ತರೆ ಅದು ಪಂಜರದ ತಪ್ಪು, ಬಲೆಯದಲ್ಲ. ಬಲೆಯ ಮೀನುಗಳಲ್ಲಿ 46% ಸತ್ತಿದ್ದರೆ ಲೆಕ್ಕ ಹೀಗೆ: 46ರಿಂದ 10 ಕಳೆದರೆ 36, ಅದನ್ನು 100ರಿಂದ 10 ಕಳೆದ 90ರಿಂದ ಭಾಗಿಸಿದರೆ 40%. ಬಲೆಯ ಪಾಲಿನ ಸಾವು ಅಷ್ಟು. ಹೋಲಿಕೆಯ ಗುಂಪಿನಲ್ಲೇ ಮೂರನೇ ಒಂದರಷ್ಟು ಸತ್ತರೆ ಲೆಕ್ಕ ತಿದ್ದಲು ಹೋಗಬೇಡಿ. ಪಂಜರ ಸರಿಮಾಡಿ ಮತ್ತೆ ಶುರುಮಾಡಿ.

ಬಂಗುಡೆ (ಮ್ಯಾಕರೆಲ್), ಬೂತಾಯಿಗೆ (ಸಾರ್ಡೀನ್) ಈ ದಾರಿ ಹಿಡಿಯುವುದರಲ್ಲಿ ಪ್ರಯೋಜನ ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ಬೂತಾಯಿಯ ಹುರುಪೆ ಮುಟ್ಟಿದರೆ ಉದುರುತ್ತದೆ. ಬಂಗುಡೆ ಸದಾ ಬಾಯಿ ತೆರೆದು ಮುಂದಕ್ಕೆ ಈಜುತ್ತ ಕಿವಿರಿಗೆ ನೀರು ಹಾಯಿಸಿಕೊಳ್ಳುವ ಮೀನು, ಇಕ್ಕಟ್ಟಾದರೆ ಉಸಿರೇ ಹೋಗುತ್ತದೆ. ಅಟ್ಲಾಂಟಿಕ್ ಮ್ಯಾಕರೆಲ್‌ಗಳ ಮೇಲೆ ಬ್ರಿಟನ್‌ನಲ್ಲಿ 1980ರ ದಶಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಲೆಯಲ್ಲಿ ಹತ್ತು ಹದಿನೈದು ನಿಮಿಷ ಕಿಕ್ಕಿರಿದು ನಿಂತ ಮೀನುಗಳಲ್ಲಿ ಬಹುಪಾಲು ಎರಡು ದಿನದೊಳಗೆ ಸತ್ತಿದ್ದವು. ಇಂಥವನ್ನು ಡೆಕ್‌ನಿಂದ ಬಿಡುವುದಕ್ಕಿಂತ ಹಿಡಿಯದಿರುವುದೇ ದಾರಿ. ದೋಣಿ ಎಳೆದೊಯ್ಯುವ ಟ್ರಾಲ್ ಬಲೆಗೆ, ಮರಿಗಳು ನುಸುಳಿ ಹೋಗುವಂಥ ಚೌಕ ಕಣ್ಣಿನ ತುದಿಚೀಲ ಕಟ್ಟಬೇಕು. ಮೀನಿನ ಗುಂಪನ್ನು ಸುತ್ತುವರಿಯುವ ಪರ್ಸೀನ್ ಬಲೆಯಾದರೆ, ಸುತ್ತಿದ್ದು ಮರಿಮೀನಿನ ಗುಂಪೆಂದು ಗೊತ್ತಾದ ಕೂಡಲೇ, ಬಲೆ ಬಿಗಿಯುವ ಮೊದಲೇ ತೆರೆದುಬಿಡಬೇಕು. ಕೇರಳ ಗೊತ್ತುಮಾಡಿರುವ ಕನಿಷ್ಠ ಗಾತ್ರ ಬೂತಾಯಿಗೆ 10 ಸೆಂ.ಮೀ, ಬಂಗುಡೆಗೆ 14 ಸೆಂ.ಮೀ. ಅದಕ್ಕಿಂತ ಸಣ್ಣದು ಡೆಕ್‌ಗೆ ಬಂದಮೇಲೆ ವಾಪಸ್ ಎಸೆದರೆ ಕಾನೂನು ಪಾಲಿಸಿದಂತಾಗಬಹುದು, ಮೀನು ಉಳಿದಂತಾಗುವುದಿಲ್ಲ.

ಅಂಕದಿಂದ ಅಭ್ಯಾಸ ಬದಲಿಸುವುದು

ನೂರಿನ್ನೂರು ಮೀನಿನ ದಾಖಲೆ ಸೇರಿದ ಮೇಲೆ ನೀರಿನ ಹೊರಗಿದ್ದ ಹೊತ್ತಿನ ಪ್ರಕಾರ ಗುಂಪು ಮಾಡಿ: 3 ನಿಮಿಷದೊಳಗೆ, 3ರಿಂದ 6, 6ರಿಂದ 10, ಅದಕ್ಕೂ ಮೇಲೆ. ಒಂದೊಂದು ಗುಂಪಿನ ಸರಾಸರಿ ಅಂಕ ಬರೆಯಿರಿ. ಹಾಗೆಯೇ ಎಳೆದ ಅವಧಿಯ ಪ್ರಕಾರ ಇನ್ನೊಂದು ಪಟ್ಟಿ. ಅಂಕ ಎಲ್ಲಿ ಥಟ್ಟನೆ ಜಿಗಿಯುತ್ತದೋ ಅಲ್ಲೇ ನಿಯಮ ಹುಟ್ಟಬೇಕು. 6 ನಿಮಿಷಕ್ಕೆ ಜಿಗಿದರೆ "ಐದು ನಿಮಿಷದೊಳಗೆ ನೀರಿಗೆ" ಎಂಬುದು ಕಲಾಸಿಗಳಿಗೆ (ದೋಣಿಯ ಕೆಲಸಗಾರರಿಗೆ) ಹೇಳಬಹುದಾದ ಮಾತು. ಎಳೆಯುವ ಅವಧಿಯಲ್ಲೇ ಜಿಗಿತವಿದ್ದರೆ ಡೆಕ್‌ನಲ್ಲಿ ಎಷ್ಟು ಅವಸರ ಮಾಡಿದರೂ ಪ್ರಯೋಜನವಿಲ್ಲ, ಬಲೆಯನ್ನು ಬೇಗ ಎತ್ತಬೇಕು. ಯಾವುದು ಕೊಲ್ಲುತ್ತಿದೆ ಎಂದು ತಿಳಿಯದೆ ನಿಯಮ ಮಾಡಿದರೆ ಮೀನುಗಾರರಿಗೆ ನಷ್ಟ, ಮೀನಿಗೆ ಲಾಭವಿಲ್ಲ.

ಡೆಕ್‌ನಲ್ಲಿ ಕಾಸು ಖರ್ಚಿಲ್ಲದೆ ಆಗುವ ಬದಲಾವಣೆಗಳು ಕೆಲವಿವೆ. ಬಲೆ ಎತ್ತುವ ಮೊದಲೇ ಟಬ್ ತುಂಬಿರಬೇಕು. ರಾಶಿ ಬಿದ್ದ ಮೇಲೆ ನೀರು ಹಿಡಿಯಲು ಹೋದರೆ ಆ ನಾಲ್ಕು ನಿಮಿಷದಲ್ಲೇ ಫಲಿತಾಂಶ ನಿರ್ಧಾರವಾಗಿರುತ್ತದೆ. ಮಾರಾಟದ ಮೀನು ಆರಿಸಿ ಉಳಿದದ್ದನ್ನು ಕೊನೆಗೆ ತಳ್ಳುವುದು ರೂಢಿ. ಅದನ್ನು ತಿರುಗಿಸಿ, ಬಿಡಬೇಕಾದದ್ದನ್ನು ಮೊದಲು ಆರಿಸಬೇಕು. ರಾಶಿಗೆ ಬಿಸಿಲು ತಾಗದಂತೆ ಮೇಲೊಂದು ಟಾರ್ಪಾಲಿನ್ ಕಟ್ಟಿ, ಪೈಪಿನಿಂದ ಕಡಲ ನೀರು ಹಾಯಿಸುತ್ತಿರಿ. ಸಲಿಕೆಯಿಂದ ತಳ್ಳಬೇಡಿ. ಇವನ್ನೆಲ್ಲ ಹೇಳುವಾಗ ಕೆಲಸದ ಹೊತ್ತು ಎಷ್ಟು ಹೆಚ್ಚಾಯಿತು ಎಂಬುದನ್ನೂ ಅಳೆದು ತಾಂಡೇಲರ ಮುಂದಿಡಿ. ಪ್ರತಿ ಎಳೆತಕ್ಕೆ ಹದಿನೈದು ನಿಮಿಷ ಹೆಚ್ಚು ಕೇಳುವ ನಿಯಮ ವೀಕ್ಷಕರು ದೋಣಿಯಲ್ಲಿರುವ ದಿನ ಮಾತ್ರ ನಡೆಯುತ್ತದೆ.

ಬಳಲಿದ ಮೀನನ್ನು ನೀರಿನಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆದಾಡಿ "ಉಸಿರು ಕೊಡುವ" ಪದ್ಧತಿ ಎಲ್ಲೆಡೆ ಇದೆ. ಕಿವಿರಿನಲ್ಲಿ ನೀರು ಬಾಯಿಯಿಂದ ಹಿಂದಕ್ಕೆ ಹರಿದಾಗ ಮಾತ್ರ, ಎದುರು ದಿಕ್ಕಿನಲ್ಲಿ ಹರಿಯುವ ರಕ್ತಕ್ಕೆ ಆಮ್ಲಜನಕ ಸರಿಯಾಗಿ ಸೇರುತ್ತದೆ. ಹಿಂದಕ್ಕೆ ಎಳೆದಾಗ ಪದರಗಳಿಗೆ ಪೆಟ್ಟು, ಅಷ್ಟೇ. ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು ನಿಲ್ಲಿಸಿದರೆ ಸಾಕು. ಅಂಕ 0 ಇದ್ದರೆ ಅದೂ ಬೇಡ, ತಕ್ಷಣ ಬಿಡಿ.

ಆಳದ ಕಲ್ಲುಮೀನುಗಳು

ಮುರುಡೇಶ್ವರದ ಆಚೆಯ ನೇತ್ರಾಣಿಯಂಥ ಕಲ್ಲುಬಂಡೆಯ ಜಾಗಗಳಲ್ಲಿ ಗಾಳಕ್ಕೆ ಬೀಳುವ ಮುರು ಮೀನು (ಗ್ರೂಪರ್), ಸ್ನ್ಯಾಪರ್‌ಗಳಿಗೆ ತೊಂದರೆ ಬೇರೆ. ತೇಲಲು ನೆರವಾಗುವ ಇವುಗಳ ಗಾಳಿಚೀಲಕ್ಕೆ ಬಾಯಿಯ ಕಡೆ ದಾರಿಯಿಲ್ಲ. 30 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು. ಅಲ್ಲಿಂದ ಎಳೆದು ತಂದರೆ ಒಳಗಿನ ಗಾಳಿ ನಾಲ್ಕು ಪಟ್ಟು ಹಿಗ್ಗುತ್ತದೆ. ಹೊಟ್ಟೆ ಉಬ್ಬುತ್ತದೆ, ಕಣ್ಣು ಹೊರಚಾಚುತ್ತದೆ, ಬಾಯಿಂದ ಗುಲಾಬಿ ಬಣ್ಣದ ಚೀಲ ಹೊರಬರುತ್ತದೆ. ಅದು ಗಾಳಿಚೀಲವಲ್ಲ, ಒಳಮೈ ಹೊರಗಾದ ಜಠರ. ಅದನ್ನು ಚುಚ್ಚಿದರೆ ಮೀನು ಸತ್ತಂತೆಯೇ. ಸೂಜಿಯಿಂದ ಎದೆಯ ಈಜುರೆಕ್ಕೆಯ ಹಿಂದೆ ಗಾಳಿ ಬಿಡಿಸುವ ವಿಧಾನವೂ ಇದೆ, ಆದರೆ ಕೈಪಳಗದವರು ಕರುಳನ್ನೋ ಪಿತ್ತಜನಕಾಂಗವನ್ನೋ ಚುಚ್ಚುತ್ತಾರೆ. ಆ ದಾರಿಗೆ ಹೋಗದಿರುವುದೇ ಲೇಸು.

ಮೀನನ್ನು ಮತ್ತೆ ಆಳಕ್ಕೆ ಇಳಿಸಿದರೆ ಗಾಳಿ ತಾನಾಗಿ ಕುಗ್ಗುತ್ತದೆ. ಅಗ್ಗದ ಸಾಧನ ಎಂದರೆ ತೂತುಗಳಿರುವ ಪ್ಲಾಸ್ಟಿಕ್ ಕ್ರೇಟ್. ಅದನ್ನು ಬೋರಲು ಹಾಕಿ, ಈಗ ಮೇಲಾದ ತಳಕ್ಕೆ ನಾಲ್ಕು ಮೂಲೆಯಿಂದ ಹಗ್ಗ ಕಟ್ಟಿ, ಕೆಳಗಿನ ಅಂಚಿಗೆ ಸುತ್ತಲೂ ಸಮನಾಗಿ ಎಂಟು ಹತ್ತು ಕಿಲೋ ತೂಕ ಕಟ್ಟಿ. ತೇಲುವ ಮೀನಿನ ಮೇಲೆ ಕ್ರೇಟ್ ಕವುಚಿ ಇಳಿಸಿ. ಮೀನು ಮೇಲಕ್ಕೆ ತೇಲುವುದರಿಂದ ಅದರೊಳಗೇ ಉಳಿಯುತ್ತದೆ, ಆಳದಲ್ಲಿ ಚೇತರಿಸಿಕೊಂಡು ಕೆಳಗಿನಿಂದ ಈಜಿ ಹೊರಬರುತ್ತದೆ. ತೂಕ ಒಂದೇ ಪಕ್ಕಕ್ಕಿದ್ದರೆ ಕ್ರೇಟ್ ವಾಲಿ ಮೀನು ಅರ್ಧದಲ್ಲೇ ತಪ್ಪಿಸಿಕೊಂಡು ಮೇಲೆ ಬರುತ್ತದೆ. ಒಂದೊಂದೇ ಮೀನಿಗಾದರೆ ತುಟಿ ಹಿಡಿಯುವ ಕ್ಲಿಪ್ಪಿಗೆ ಮೀನಿನ ತೂಕದ ಅರ್ಧದಷ್ಟಾದರೂ ಭಾರ ಕಟ್ಟಿ ಇಳಿಸಬಹುದು. ಹಿಡಿದ ಆಳಕ್ಕೇ ಇಳಿಸಿದರೆ ಉತ್ತಮ, ಅರ್ಧಕ್ಕಾದರೂ ಇಳಿಸಲೇಬೇಕು. ಮೆಕ್ಸಿಕೊ ಕೊಲ್ಲಿಯ ಬಂಡೆಮೀನು ಹಿಡಿಯುವ ದೋಣಿಗಳಲ್ಲಿ ಇಂಥ ಸಾಧನವನ್ನೋ ಗಾಳಿ ಬಿಡಿಸುವ ಸೂಜಿಯನ್ನೋ ಸಿದ್ಧವಾಗಿಟ್ಟುಕೊಳ್ಳಬೇಕೆಂದು ಅಮೆರಿಕ 2022ರಿಂದ ಕಾನೂನು ಜಾರಿಗೆ ತಂದಿತು. ಇಳಿಸುವ ಸಾಧನಕ್ಕೆ ಆ ಕಾನೂನು ಹೇಳಿದ ಕನಿಷ್ಠ ತೂಕ 16 ಔನ್ಸ್, ಹಗ್ಗ 60 ಅಡಿ ಆಗಿತ್ತು. ಉಬ್ಬಿದ ಮೀನಿಗೆ ಮಗುಚುವ ಪರೀಕ್ಷೆ ಅರ್ಥಹೀನ, ಏಕೆಂದರೆ ಗಾಳಿಯೇ ಅದನ್ನು ಅಂಗಾತ ಮಾಡಿರುತ್ತದೆ.

ತಾಟೆ, ತೊರಕೆ, ಗಿಟಾರ್ ಮೀನು

ಇವುಗಳಿಗೆ ಗಾಳಿಚೀಲವಿಲ್ಲ, ಹಾಗಾಗಿ ಉಬ್ಬುವ ಭಯವೂ ಇಲ್ಲ. ತೊಂದರೆ ಬೇರೆ ಕಡೆ ಇದೆ. ಒಳಾಂಗಗಳನ್ನು ಕಾಯಲು ಪಕ್ಕೆಲುಬಿನ ಗೂಡಿಲ್ಲ, ಬಾಲ ಹಿಡಿದು ನೇತಾಡಿಸಿದರೆ ದೊಡ್ಡ ಪಿತ್ತಜನಕಾಂಗದ ಭಾರ ಎಲ್ಲವನ್ನೂ ಜಗ್ಗುತ್ತದೆ. ತೊರಕೆಯ ಕಣ್ಣಿನ ಹಿಂದಿರುವ ಉಸಿರುರಂಧ್ರಕ್ಕೆ ಬೆರಳು ತೂರಿಸಿ ಎತ್ತುವುದು ಅನುಕೂಲವಾಗಿ ಕಾಣುತ್ತದೆ, ಮೀನಿಗೆ ಅದು ಮಾರಕ. ಎರಡೂ ಕೈಯಿಂದ ಹೊಟ್ಟೆಯ ಕೆಳಗೆ ಆಧಾರ ಕೊಟ್ಟು, ಇಲ್ಲವೇ ಒದ್ದೆ ಟಾರ್ಪಾಲಿನ್ ಮೇಲೆ ಜಾರಿಸಿ ಒಯ್ಯಬೇಕು. ಬಾಲದ ಮುಳ್ಳು ತಾಗಿದರೆ ಗಾಯವನ್ನು ಸುಡದಷ್ಟು ಬಿಸಿಯ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಟ್ಟು ವೈದ್ಯರ ಬಳಿ ಹೋಗಿ. ಮುಳ್ಳಿನ ಭಯಕ್ಕೆ ಬಾಲವನ್ನೇ ಕತ್ತರಿಸಿ ಬಿಡುವುದು ಬಿಟ್ಟಂತಲ್ಲ.

ಪರೀಕ್ಷೆಗಳೂ ಬದಲಾಗುತ್ತವೆ. ತೊರಕೆಯ ಉಸಿರುರಂಧ್ರ ತಾಳಬದ್ಧವಾಗಿ ಮಿಡಿಯುತ್ತಿದೆಯೇ, ಕಣ್ಣಿನ ಪಕ್ಕ ಮೆಲ್ಲಗೆ ಮುಟ್ಟಿದರೆ ಕಣ್ಣು ಒಳಕ್ಕೆ ಸೇದಿಕೊಳ್ಳುತ್ತದೆಯೇ, ಮೈಯ ಅಂಚನ್ನು ಎತ್ತಿದರೆ ಅದನ್ನು ಮಡಚುತ್ತದೆಯೇ ಎಂದು ನೋಡಿ. ಹಲವು ತಾಟೆಗಳಲ್ಲಿ ಕಣ್ಣಿನ ಮೇಲೆ ಜಾರುವ ಮೂರನೆಯ ರೆಪ್ಪೆಯಿದೆ, ಅಲ್ಲಿ ಅದನ್ನು ಪರೀಕ್ಷಿಸಬಹುದು. ತಾಟೆಯನ್ನು ಅಂಗಾತ ಹಾಕಿದರೆ ಅಲುಗಾಡದೆ ಮಲಗುತ್ತದೆ. ಅದನ್ನು ಶಾಂತವಾಯಿತು ಎಂದು ತಿಳಿಯಬಾರದು, ಆ ಸ್ಥಿತಿಯಲ್ಲಿ ಉಸಿರಾಟವೂ ಸೊರಗುತ್ತದೆ. ಗರ್ಭ ಧರಿಸಿದ ಗಿಟಾರ್ ಮೀನು, ತೊರಕೆಗಳು ಹಿಡಿದ ಒತ್ತಡಕ್ಕೇ ಮರಿ ಹಾಕಿಬಿಡುವುದುಂಟು. ಹೊಟ್ಟೆ ಅದುಮಿ "ಮರಿ ಇದೆಯಾ" ಎಂದು ನೋಡಬೇಡಿ. ಡೆಕ್‌ನಲ್ಲಿ ಮರಿ ಬಿದ್ದರೆ ದಾಖಲೆಯಲ್ಲಿ ಬರೆಯಿರಿ, ತಾಯಿ ಬದುಕಿ ಹೋದರೂ ಆ ವರ್ಷದ ಸಂತಾನ ನಷ್ಟವೇ.

ರಕ್ತದ ಲ್ಯಾಕ್ಟೇಟ್ ಅಳೆಯುವ, ಮನುಷ್ಯರಿಗೆಂದು ಮಾಡಿದ ಕೈಮೀಟರ್‌ಗಳನ್ನು ತಾಟೆಗಳ ಮೇಲೂ ಬಳಸುತ್ತಾರೆ. ಸುಸ್ತಾದ ಪ್ರಾಣಿಯಲ್ಲಿ ಲೀಟರಿಗೆ 10 ಮಿಲಿಮೋಲ್ ದಾಟುವುದು ಅಪರೂಪವಲ್ಲ. ಆದರೆ ಸ್ನಾಯುವಿನಿಂದ ರಕ್ತಕ್ಕೆ ಲ್ಯಾಕ್ಟೇಟ್ ಬರಲು ಹೊತ್ತು ಹಿಡಿಯುತ್ತದೆ. ಬೇಗ ತೆಗೆದ ರಕ್ತ ಕಡಿಮೆ ತೋರಿಸುತ್ತದೆ, ಹಾಗಾಗಿ ಹಿಡಿದ ಹೊತ್ತಿನಿಂದ ಕಳೆದ ನಿಮಿಷ ಬರೆಯದ ಅಂಕಿಗೆ ಬೆಲೆಯಿಲ್ಲ. ಮೀಟರ್ ಬದಲಾದರೆ ಹೋಲಿಕೆ ಸಲ್ಲದು. ಹೆಚ್ಚಿನ ಕೆಲಸಕ್ಕೆ ರಿಫ್ಲೆಕ್ಸ್ ಅಂಕವೇ ಸಾಕು. ರಕ್ತ ತೆಗೆಯುವುದಾದರೆ, ಪಂಜರದಲ್ಲಿಟ್ಟು ಪ್ರಯೋಗ ಮಾಡುವುದಾದರೆ, ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಬೇಕು. ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವ ಜಾತಿಯಾದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಅನುಮತಿಯಿಲ್ಲದಿದ್ದರೆ ಅಂಥ ಪ್ರಾಣಿಯ ಮೇಲೆ ಅಂಕ ಹಾಕುತ್ತ ಕೂರಬೇಡಿ, ಫೋಟೋ ತೆಗೆದು ಬಿಡಿ.

ತಿಮಿಂಗಿಲ ಶಾರ್ಕ್ ಅಂಥದೊಂದು, 2001ರಿಂದ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಬಲೆಗೆ ಬಿದ್ದರೆ ಎಂಜಿನ್ ನ್ಯೂಟ್ರಲ್‌ಗೆ ತಂದು, ಪ್ರಾಣಿಯನ್ನು ನೀರಿನಿಂದ ಎತ್ತದೆ, ತಲೆ ಮತ್ತು ಕಿವಿರಿನ ಸೀಳುಗಳ ಮೇಲಿನ ಬಲೆಯನ್ನು ಮೊದಲು ಕತ್ತರಿಸಿ. ಬಾಲಕ್ಕೆ ಹಗ್ಗ ಕಟ್ಟಿ ಎಳೆದರೆ ಕಿವಿರಿನಲ್ಲಿ ನೀರು ಹಿಮ್ಮುಖವಾಗಿ ಹಾಯುತ್ತದೆ. ಬಲೆ ಕತ್ತರಿಸಲು ಮನಸ್ಸು ಬಾರದಿರುವುದು ಸಹಜ, ಅದು ದುಬಾರಿ ಸಾಮಾನು. ಗುಜರಾತಿನಲ್ಲಿ ಕತ್ತರಿಸಿದ ಬಲೆಗೆ ಪರಿಹಾರ ಕೊಡುವ ವ್ಯವಸ್ಥೆ ಬಂದು, ಮೀನುಗಾರರೇ ತೆಗೆದ ಫೋಟೋವನ್ನು ಸಾಕ್ಷಿಯಾಗಿ ಒಪ್ಪಿದ ಮೇಲೆ ಬಿಡುಗಡೆಗೆ ಹಿಡಿಯುವ ಹೊತ್ತು ಕಡಿಮೆಯಾಯಿತು. ಅಧಿಕಾರಿ ಬರುವವರೆಗೆ ಪ್ರಾಣಿಯನ್ನು ಕಟ್ಟಿಹಾಕಿ ಕಾಯಬೇಕಾದ ಪ್ರಮೇಯ ತಪ್ಪಿತು.

ಋತು ಬದಲಾದರೆ ಮತ್ತೆ ಅಳತೆ

ಒಂದು ಋತುವಿನ ಅಂಕದಿಂದ ವರ್ಷವಿಡೀ ನಡೆಯುವ ನಿಯಮ ಮಾಡಬಾರದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ದೋಣಿಗಳು ಹೊರಡುವ ಹೊತ್ತಿಗೆ, ಆಳದ ತಂಪಾದ, ಆಮ್ಲಜನಕ ಕಡಿಮೆಯಿರುವ ನೀರು ಮೇಲೆದ್ದು ದಡದ ಸಮೀಪದ ತಳವನ್ನು ಆವರಿಸಿರುತ್ತದೆ. ತಳದ ಮೀನು ಬಲೆಗೆ ಬೀಳುವ ಮೊದಲೇ ಉಸಿರಿಗೆ ಕಷ್ಟಪಡುತ್ತಿರುತ್ತದೆ. ಏಪ್ರಿಲ್, ಮೇನಲ್ಲಿ ಮೇಲ್ಮೈ ನೀರು 30 ಡಿಗ್ರಿ ಮುಟ್ಟಿರುತ್ತದೆ, ಡೆಕ್ ಕಾದಿರುತ್ತದೆ. ಜನವರಿಯಲ್ಲಿ ಸರಿಹೋದ ಐದು ನಿಮಿಷದ ನಿಯಮ ಈ ಎರಡೂ ಹೊತ್ತಿನಲ್ಲಿ ಸೋಲಬಹುದು. ಆಗಸ್ಟ್–ಸೆಪ್ಟೆಂಬರ್, ಡಿಸೆಂಬರ್–ಜನವರಿ, ಏಪ್ರಿಲ್–ಮೇ, ಈ ಮೂರು ಅವಧಿಗೂ ಜಾತಿಗೆ 30 ಮೀನಾದರೂ ಬರುವಂತೆ ಅಂಕ ಹಾಕಿ, ಮೂರನ್ನೂ ಬೇರೆ ಬೇರೆ ಪಟ್ಟಿಯಾಗಿಡಿ. ಮಂಗಳೂರಿನ ಮೀನುಗಾರಿಕೆ ಕಾಲೇಜಿಗೋ ಸಂಶೋಧನಾ ಸಂಸ್ಥೆಗೋ ಕೊಡುವಾಗ ಸರಾಸರಿ ಮಾತ್ರ ಕೊಡದೆ, ಒಂದೊಂದು ಮೀನಿನ ಐದೂ ಅಂಕವಿರುವ ಮೂಲ ಹಾಳೆಗಳ ನಕಲನ್ನೇ ಕೊಡಿ. ಯಾವ ರಿಫ್ಲೆಕ್ಸ್ ಮೊದಲು ಹೋಯಿತು ಎಂಬುದು ಸರಾಸರಿಯಲ್ಲಿ ಕಾಣುವುದಿಲ್ಲ.